ಗಂಡನ ಹೆಸರಿಗೆ ಪೂರ್ಣ ಅಂಕ

ಶಾಂತಕ್ಕ, ಕಮಲಾಪುರದ ಮನೆಯಿಂದ ನಿನ್ನನ್ನು ಹೊರಗೆ ಹಾಕಿಸಿದ್ದು ನಾನು ಬರೆದ ಕಾಗದ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದುಕೊಂಡಿದ್ದೆ. ಕಂಡದ್ದೊಂದನ್ನು ಬಿಟ್ಟಿದ್ದೆ, ಅಷ್ಟೇ. ಆ ‘ಅಷ್ಟೇ’ಯ ಹಿಂದೆ ಏಳು ವರ್ಷ ಅಡಗಿ ಕೂತಿದ್ದೆ.

ಆಗ ನಾನು ಕಲಬುರಗಿಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ನೀನು ಹುಮನಾಬಾದ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು, ಹಣೆಯ ಗಾಯ ಮಾಯ್ದು ಆರು ತಿಂಗಳಾಗಿತ್ತು. ಸತ್ತವರ ಮನೆಯಲ್ಲಿ ನೀನು ನಕ್ಕಿದ್ದೆಯಂತೆ. ಊಟಕ್ಕೆ ಕೂತ ಬೀಗರಿಗೆ, “ಇನ್ನೂ ಎಷ್ಟು ತಿಂತೀರಿ, ಏಳ್ರಿ” ಎಂದಿದ್ದೆಯಂತೆ.

“ಇದು ಸೊಕ್ಕೋ, ರೋಗೋ? ನಿನ್ನ ಕಾಕಾನ ಮಗಳು ಓದ್ಯಾಳಲ್ಲ, ಆಕೀನ ಬಂದು ಹೇಳ್ಲಿ” ಎಂದು ನಿನ್ನ ಅತ್ತೆ ನನ್ನನ್ನು ಕರೆಸಿದರು.

ಪ್ರಶ್ನೆಗಳ ಹಾಳೆ ಹಿಡಿದು ಬಂದೆ. ಅಂಕಿಗಳನ್ನು ನೀನು ತಪ್ಪದೆ ಹಿಂದಿನಿಂದ ಹೇಳಿದೆ, ವಾರಗಳನ್ನೂ. ಗಂಡನ ಹೆಸರು ಕೇಳಿದೆ.

“ಶರಣಪ್ಪ. ಅಲ್ಲೇ ಕುಂತಾನ ನೋಡು, ಮಾರಿ ಗಂಟ ಹಾಕ್ಕೊಂಡು!”

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ; ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ, ಅದರೊಳಗೆ ಸೇರಿಸಿ ಹೇಳಿದರೆ ಉಂಟು. ಬೀಳುವ ಮೊದಲು, ರೇಷನ್ ಅಂಗಡಿಯವನು ಕೇಳಿದರೂ ನೀನು ನಾಚಿ ನನ್ನ ಕಡೆ ನೋಡುತ್ತಿದ್ದೆ — ನೀನೇ ಹೇಳು ಎಂದು. ನೆನಪು ಇದ್ದಲ್ಲೇ ಇತ್ತು. ಎದುರಿಗಿರುವವರು ಯಾರು, ಅವರಿಗೆ ಏನನ್ನಿಸೀತು ಎಂದು ತೂಗಿ ಮಾತನ್ನು ತಡೆಯುವುದೂ ಮಿದುಳಿನ ಕೆಲಸವೇ, ಬುದ್ಧಿಯ ಕೆಲಸವೇ — ಪೆಟ್ಟು ಬಿದ್ದದ್ದು ಅಲ್ಲಿಗೆ. ಓದಿದ್ದೆ. ಆ ಕ್ಷಣವೇ ನನಗೆ ಗೊತ್ತಾಯಿತು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೂ ಬರೆದೆ.

ಶುದ್ಧಪ್ರತಿಯಲ್ಲಿ ಬಿಟ್ಟೆ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ — ಅಲ್ಲ, ಅದು ನೆಪ. ನನ್ನ ಮದುವೆಯ ಮಾತು ನಡೆಯುತ್ತಿತ್ತು. ನಮ್ಮ ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಎಂದು ಸುದ್ದಿ ಹಬ್ಬಿದರೆ... ಹೆಸರಿಗೆ ಪೂರ್ಣ ಅಂಕ ಕೊಟ್ಟು, ‘ನೆನಪು, ಬುದ್ಧಿ ಸರಿಯಾಗಿವೆ’ ಎಂದು ಸಹಿ ಹಾಕಿದೆ.

“ಬುದ್ಧಿ ಸರಿ ಅದ ಅಂತ ಬರ್ದಾಳ! ಬೇಕಂತಽ ಮಾಡ್ತಾಳ ಈಕಿ” ಎಂದರು ಅತ್ತೆ. ಆ ವಾರವೇ ನಿನ್ನನ್ನು ಕುಸನೂರಿಗೆ, ತವರಿಗೆ ಅಟ್ಟಿದರು. ನಾಲ್ಕು ವರ್ಷದ ಮಗಳನ್ನು ಇಟ್ಟುಕೊಂಡರು.

“ಮುಗಿದದ್ದು ಕೆದರಬ್ಯಾಡವಾ, ಆಗ ನೀ ಸಣ್ಣಾಕಿ” ಎನ್ನುತ್ತಾಳೆ ನಮ್ಮವ್ವ. ಸಣ್ಣವಳಾಗಿರಲಿಲ್ಲ. ಆ ದಯೆ ನನಗೆ ಬೇಡ. ನಿನ್ನ ಕ್ಷಮೆಯನ್ನೂ ಕೇಳುತ್ತಿಲ್ಲ.

ನಿನ್ನ ಮಗಳಿಗೀಗ ಹನ್ನೊಂದು. ಸೊಕ್ಕಿನ ತಾಯಿ ತನ್ನನ್ನು ಬಿಟ್ಟು ಹೋದಳೆಂದು ನಂಬಿ ಬೆಳೆದಿದ್ದಾಳೆ. ನಾಳೆ ಕಮಲಾಪುರಕ್ಕೆ ಹೋಗುತ್ತೇನೆ. ‘ನಿಮ್ಮವ್ವ ತಾನಾಗಿ ಹೋಗಲಿಲ್ಲ, ಅಟ್ಟಿದರು. ಕಾರಣ ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡೆ’ — ಇಷ್ಟನ್ನು ಅವಳಿಗೆ ಹೇಳಬೇಕು. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಅಂಗಳದಲ್ಲಿ ನಿಂತು ಹೇಳುತ್ತೇನೆ, ಓಣಿಗೆಲ್ಲ ಕೇಳುವಂತೆ.