ಗೋಲಿನ ಹಿಂದಿನ ಬ್ಯಾನರು

ಹಿಂದೂಪುರದ ಮಗ್ಗದ ಮನೆಗಳಲ್ಲಿ ಇಂದ್ರಾಣಿಯ ಕೆಲಸ ಎಳೆ ಕೆಚ್ಚುವುದು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳ ಒಂದು ಹಾಸು ನೇಯ್ದು ಮುಗಿದರೂ ಅದರ ಕೊನೆಯ ಗೇಣನ್ನು ಮಗ್ಗದಲ್ಲೇ ಉಳಿಸುತ್ತಾರೆ. ಆ ಹಳೆಯ ತುದಿಗಳಿಗೆ ಹೊಸ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಮಗ್ಗ ನಿಂತಾಗ ಮಾತ್ರ ಅವಳಿಗೆ ಕರೆ ಬರುತ್ತದೆ. ಅದರ ಸದ್ದು ಮತ್ತೆ ಶುರುವಾಗುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿ ಹೊರಟಿರುತ್ತಾಳೆ. ಮನೆಯಲ್ಲೂ ಅವಳೊಬ್ಬಳೇ.

ಭಾನುವಾರ ಮಾತ್ರ ಅವಳು ಸದ್ದಿನ ನಡುವೆ ಇರುತ್ತಿದ್ದಳು. ಬೆಳಗ್ಗೆಯೇ ಬಸ್ಸು ಹತ್ತಿ ತವರೂರು ಕಲ್ಯಾಣದುರ್ಗಕ್ಕೆ ಹೋಗಿ, ಫುಟ್‌ಬಾಲ್ ಮೈದಾನದಲ್ಲಿ ಗೋಲಿನ ಹಿಂದೆ, ಕಡಲೆಕಾಯಿ ಮಾರುವ ಪೆದ್ದಕ್ಕನ ಪಕ್ಕ ಕೂರುವಳು. ಶಾಲೆಯಲ್ಲಿ ಗೋಲು ಕಾಯುತ್ತಿದ್ದವಳು. ಊರಿನ ತಂಡ ಕಪ್ ಗೆದ್ದದ್ದನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

ಹೋದ ವರ್ಷ ಮೊದಲ ಪಂದ್ಯದ ದಿನ ಅಲ್ಲೊಂದು ಬ್ಯಾನರು ಕಟ್ಟಿದ್ದರು. ಮೇಲೆ ತಂಡದ ಹುಡುಗರ ಫೋಟೊ. ಕೆಳಗೆ, ಮನೆಯ ಮೇಲೆ ಸಾಲ ಕೊಡುವ ಕಂಪನಿಯೊಂದರ ಮಾತು: ತಂಡ ಕಪ್ ಗೆದ್ದರೆ ಒಂದು ವರ್ಷ ಬಡ್ಡಿಯೇ ಇಲ್ಲ.

ಇಂದ್ರಾಣಿಯ ಮನೆಯ ತಗಡಿನ ಸೂರು ತೂತಾಗಿತ್ತು. ಸಾಲ ಮಾಡಿ ಹೊಸದು ಹಾಕಿಸಿ ಬಡ್ಡಿ ಕಟ್ಟಬೇಕೆಂದರೆ ಭಾನುವಾರವೂ ದುಡಿಯಬೇಕು. ಕಪ್ ಬಂದರೆ ಭಾನುವಾರ ಉಳಿಯುತ್ತದೆ.

ಆ ಕಂಪನಿಯ ಹಿಂದೂಪುರದ ಆಫೀಸಿನಲ್ಲಿ ಸಾಲದ ಕಾಗದ ನೋಡುವ ಅರುಣ್ ಕುಮಾರ್ ತಂಡದ ಹಳದಿ ಅಂಗಿ ತೊಟ್ಟೇ ಕೂತಿದ್ದ.

“ಸೈನ್ ಹಾಕೋಕ್ ಮುಂಚೆ ಡೌಟೇನಾದ್ರೂ ಇದ್ರೆ ಕೇಳಕ್ಕಾ.”

“ನಮ್ ಹುಡುಗರ್ ಮೇಲೆ ಡೌಟಾ? ಎಲ್ಲಿ, ಪೆನ್ ಕೊಡು.”

ಆಮೇಲೆ ಪ್ರತಿ ಪಂದ್ಯದಲ್ಲೂ ಚೆಂಡು ಹತ್ತಿರ ಬಂದಾಗಲೆಲ್ಲ ಅವಳು ಪೆದ್ದಕ್ಕನ ತೋಳು ಹಿಡಿಯುತ್ತಿದ್ದಳು. “ಚೆಂಡು ನಿನ್ ಮನೆ ಸೂರಿನ್ ಮ್ಯಾಲೆ ಬಿದ್ದಂಗೆ ಬೆಚ್ತೀಯಲ್ಲಮ್ಮಿ!” ಎಂದು ಪೆದ್ದಕ್ಕ ನಗುತ್ತಿದ್ದಳು.

ಫೈನಲ್ಲಿನಲ್ಲಿ ತಂಡ ಒಂದೇ ಗೋಲಿನಿಂದ ಗೆದ್ದಿತು. “ಗೆಲಿಚಾಂ! ಗೆಲಿಚಾಂ!” ಗೆದ್ದೆವೆಂದು ಮೈದಾನವೇ ತೆಲುಗಿನಲ್ಲಿ ಕೂಗಿತು. ಇಂದ್ರಾಣಿ ತುರುಬು ಬಿಚ್ಚಿಹೋದದ್ದೂ ತಿಳಿಯದೆ ಕುಣಿದಳು. ಯಾರೋ ಫೋಟೊ ತೆಗೆದರು.

ಮರುದಿನ ಆಫೀಸಿನಲ್ಲಿ ಅರುಣ್ ಕುಮಾರ್ ಬಿಳಿ ಅಂಗಿಯಲ್ಲಿದ್ದ.

“ಗೆದ್ದ ಮೇಲೆ ಸಾಲ ತಗೊಂಡೋರಿಗೆ ಮಾತ್ರ ಅಂತ ಕೆಳಗೆ ಬರ್ದೈತಕ್ಕಾ. ಬ್ಯಾನರ್ ಉದ್ದ ಆಯ್ತು ಅಂತ ತುದಿ ಮಡಚಿ ಕಟ್ಬುಟ್ಟವ್ರೆ.”

“ಗೆದ್ದ ಮೇಲೆ ಯಾರು ಬೇಕಾದ್ರೂ ನಂಬ್ತಾರೆ ಕಣಪ್ಪ. ನಾನು ಮೊದ್ಲೇ ನಂಬಿದ್ನಲ್ಲ?”

ಅವನು ಕಂಪ್ಯೂಟರಿನ ಕಡೆ ತಿರುಗಿದ.

ಭಾನುವಾರಗಳು ಪಕ್ಕದ ಊರು ಪರಿಗಿಯ ಮಗ್ಗಗಳ ಪಾಲಾದವು. ಹೊಸ ಕಾಂಕ್ರೀಟು ಸೂರು ಸೋರುವುದಿಲ್ಲ. ಅದರ ಕೆಳಗೆ ಮಲಗಿದರೆ ಮಳೆಯ ಸದ್ದೂ ಕೇಳುವುದಿಲ್ಲ.

ಈ ವರ್ಷದ ಆಟ ಶುರುವಾದ ಮೇಲೆ ಪೆದ್ದಕ್ಕ ಫೋನು ಮಾಡಿದಳು. “ನೀನ್ ಬರ್ದಿದ್ರೂ ನಿನ್ ಮುಖ ಬಂದೈತೆ ಕಣಮ್ಮಿ, ಬ್ಯಾನರ್‌ನಾಗೆ! ಏನ್ ನಗ್ತೀಯ ಅಂತೀಯ!”

ಆ ಭಾನುವಾರ ಇಂದ್ರಾಣಿ ಪರಿಗಿಯ ಕೆಲಸ ಬಿಟ್ಟು ಬಸ್ಸು ಹತ್ತಿದಳು.

ಗೋಲಿನ ಹಿಂದೆ ಅವಳದೇ ಮುಖ, ಮಂಚದಷ್ಟು ದೊಡ್ಡದು. ಕಪ್ ಗೆದ್ದ ಗಳಿಗೆಯ ನಗು. ಪಕ್ಕದಲ್ಲಿ: ‘ಇವರು ನಂಬಿದರು. ನೀವೂ ನಂಬಿ. ಕಪ್ ಗೆದ್ದರೆ ಬಡ್ಡಿ ಇಲ್ಲ.’ ಈ ಸಲವೂ ಕೆಳತುದಿ ಮಡಚಿ ಕಟ್ಟಿದ್ದರು. ಬ್ರಹ್ಮಸಮುದ್ರದ ಕಡೆಯವನೊಬ್ಬ ತುಟಿ ಆಡಿಸುತ್ತ ಅದನ್ನು ಓದುತ್ತಿದ್ದ.

ಇಂದ್ರಾಣಿ ಕುಕ್ಕರಗಾಲಲ್ಲಿ ಕೂತು ಹಗ್ಗ ಬಿಚ್ಚಿದಳು. ಮಡಿಕೆ ಇಳಿಯಿತು. ತುದಿಯನ್ನು ಬಿಗಿಯಾಗಿ ಎಳೆದು ಬೊಂಬಿನ ಬುಡಕ್ಕೆ ಕಟ್ಟಿದಳು. ಯಾರೂ ಸುಲಭವಾಗಿ ಬಿಚ್ಚಲಾಗದ ಗಂಟು.

ಆ ಮನುಷ್ಯ ಬಗ್ಗಿ ಸಣ್ಣ ಅಕ್ಷರಗಳನ್ನು ಓದಿದ. ಫೋಟೊ ನೋಡಿದ, ಅವಳನ್ನು ನೋಡಿದ.

“ಇದು ನೀನೇ ಏನಮ್ಮಾ?”

“ಹೋದ್ ವರ್ಷ ಆಗಿದ್ದೆ.”

ಅವನು ತಲೆ ಅಲ್ಲಾಡಿಸುತ್ತ ಹೊರಟುಹೋದ. ಪೆದ್ದಕ್ಕ ತನ್ನ ಪಕ್ಕದ ಸಿಪ್ಪೆಗಳನ್ನು ಗುಡಿಸಿ ಜಾಗ ಮಾಡಿದಳು. ಇಂದ್ರಾಣಿ ಅಲ್ಲಿ ಕೂತಳು. ಸೀಟಿ ಊದಿದರು. ಹಳದಿ ಅಂಗಿಯೊಂದು ಚೆಂಡನ್ನು ನಡುಗೆರೆ ದಾಟಿಸಿತು.

ಇಂದ್ರಾಣಿ ಚೆಂಡಿನ ಮೇಲೆ ಕಣ್ಣಿಟ್ಟು ಎದ್ದು ನಿಂತಳು.