ಬೇಲಿಯ ಉಮ್ಮತ್ತಿ

ತೊಂಬತ್ತರ ದಶಕದಲ್ಲಿ ಮಾಕಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆಯೇ ಓನರಮ್ಮನ ಟೊಮ್ಯಾಟೊ ತೋಟವಿತ್ತು. ಸುತ್ತಲಿನ ಹೊಲಗಳು ಒಂದೊಂದಾಗಿ ಫ್ಯಾಕ್ಟರಿ ಶೆಡ್ಡುಗಳಾಗುತ್ತಿದ್ದರೂ ಅವರು ಮಾತ್ರ ಪಟ್ಟು ಬಿಟ್ಟಿರಲಿಲ್ಲ. ನನ್ನ ಗಂಡನಿಗೆ ಪೀಣ್ಯದಲ್ಲಿ ಕೆಲಸ. ದಾವಣಗೆರೆಯಿಂದ ಬಂದ ಅತ್ತೆಗೆ ಲಿಂಗಪೂಜೆಯೇ ಕೆಲಸ. ಪೂಜೆಗೆ ಬಿಳಿ ಉಮ್ಮತ್ತಿ ಹೂ ಆಗಲೇಬೇಕು. ಊರಿಂದ ಬೀಜ ತಂದು ತೋಟದ ಬೇಲಿಯುದ್ದಕ್ಕೂ ಬೆಳೆಸಿದ್ದರು. ಸೊಸೆಗಿಂತ ಅದರ ಮೇಲೇ ಅಕ್ಕರೆ ಎಂದು ನಾನು ಗಂಡನ ಹತ್ತಿರ ಗೊಣಗುತ್ತಿದ್ದೆ.

ಆ ವರ್ಷ ಟೊಮ್ಯಾಟೊ ಎಲೆಗಳೆಲ್ಲ ಮುದುಡಿ, ಗಿಡ ಕುಳ್ಳಾಗಿ, ಕಾಯಿಯೇ ಕಚ್ಚಲಿಲ್ಲ. ಓನರಮ್ಮ ಎಲ್ಲವನ್ನೂ ಕಿತ್ತು ಸುಟ್ಟರು. ಇನ್ನೊಂದು ಸಲ ನಾಟಿ ಮಾಡಿ ನೋಡುತ್ತೇನೆ, ಅದೂ ಹೋದರೆ ಜಾಗ ಶೆಡ್ಡಿನವರಿಗೇ ಕೊಟ್ಟುಬಿಡುತ್ತೇನೆ ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿದರು.

ಒಂದು ಸಂಜೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಾಗ ರೇಡಿಯೋದಲ್ಲಿ ಅದೇ ರೋಗದ ಮಾತು ಬಂತು. ಅದನ್ನು ಹರಡುವುದು ಬಿಳಿ ನೊಣವಂತೆ. ಟೊಮ್ಯಾಟೊ ಇಲ್ಲದಾಗ ಉಮ್ಮತ್ತಿಯಂಥ ಗಿಡಗಳ ರಸ ಹೀರಿ ಬದುಕುತ್ತದಂತೆ. ರೋಗವೂ ಆ ಗಿಡದಲ್ಲೇ ಉಳಿದು, ಹೊಸ ಸಸಿ ಕಂಡೊಡನೆ ನೊಣದ ಜೊತೆ ದಾಟುತ್ತದಂತೆ. ಅತ್ತೆಯ ಕೈ ನಿಂತಿತು. ಎದ್ದು ಹೋಗಿ ಬೇಲಿಯ ಎಲೆಗಳನ್ನು ತಿರುವಿ ನೋಡಿದರು. ಅಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ನೊಣ ಕೂತಿತ್ತು.

ಬೆಳಿಗ್ಗೆ ನಾನೇಳುವಷ್ಟರಲ್ಲಿ ಬೇಲಿ ಬೋಳಾಗಿತ್ತು. ಕಿತ್ತ ಗಿಡಗಳನ್ನೆಲ್ಲ ಗುಡ್ಡೆ ಹಾಕಿ ಅತ್ತೆ ಬೆಂಕಿ ಇಡುತ್ತಿದ್ದರು. ಓನರಮ್ಮ ಅಲ್ಲೇ ನಿಂತುಬಿಟ್ಟರು.

“ನಂಗೆ ಗೊತ್ತಿತ್ತು ಅಮ್ಮಾರೆ. ದೇವ್ರ ಹೂವಿನ ಗಿಡ ಕೀಳಿ ಅಂತ ಎಂಗೆ ಯೋಳ್ಲಿ?”

“ಶಿವ ಏನು ಹೂವು ತಿಂದು ಬದುಕ್ತಾನೇನವ್ವಾ? ನೀನು ಸಸಿ ಹಚ್ಚು,” ಎಂದರು ಅತ್ತೆ.

ಅಂದು ಪೂಜೆ ಬರೀ ವಿಭೂತಿ, ಪತ್ರೆಯಲ್ಲೇ ಮುಗಿಯಿತು. ನನ್ನ ಗೊಣಗಾಟವೂ ಅಲ್ಲಿಗೇ ಮುಗಿಯಿತು. ಇಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ ಅನ್ನಿಸಿತು. ಮಾರನೆಯ ದಿನ ಬಾಗಿಲಲ್ಲಿ ಮುತ್ತುಗದೆಲೆಯ ತುಂಬ ತುಂಬೆ ಹೂ. ದೂರದ ಕೆರೆ ಏರಿಯಿಂದ ಓನರಮ್ಮ ಬಿಡಿಸಿ ತಂದಿದ್ದರು. ಆಮೇಲೆ ಸಿಕ್ಕ ದಿನವೆಲ್ಲ ತಂದರು. ಆ ಸಲ ತೋಟ ಉಳಿಯಿತು, ಹಣ್ಣೂ ಬಂತು.

ನಾವು ಟಿ. ದಾಸರಹಳ್ಳಿಗೆ ಮನೆ ಬದಲಿಸಿದ ಮೇಲೂ ಓನರಮ್ಮ ಶಿವರಾತ್ರಿಗೆ ತಪ್ಪದೆ ಬಸ್ಸು ಹತ್ತಿ ಬರುತ್ತಿದ್ದರು, ಬಟ್ಟೆಯಲ್ಲಿ ತುಂಬೆ ಕಟ್ಟಿಕೊಂಡು. ಅತ್ತೆ ತೀರಿಕೊಂಡ ವರ್ಷ ಬರಲಾರರು ಎಂದುಕೊಂಡಿದ್ದೆ. ಬಂದರು. ಪೂಜೆ ಮಾಡುವವರೇ ಇಲ್ಲವಲ್ಲ ಎಂದು ನಾನು ಅತ್ತುಬಿಟ್ಟೆ.

“ನೀವು ಮಾಡಿ,” ಎಂದು ಗಂಟು ನನ್ನ ಕೈಗಿಟ್ಟರು. ನಾನು ಕಣ್ಣೊರೆಸಿಕೊಂಡು, ಸ್ನಾನ ಮಾಡಿ ಬಂದು, ಅತ್ತೆಯ ಮಣೆಯ ಮೇಲೆ ಕೂತೆ.