ಗಾಳಿ ಬಿಡಿಸುವ ಮನೆಯ ಫೋನು

ಬೆಳಕು ಹರಿಯುವ ಮುಂಚೆ ಕಲ್ಯಾಣಮ್ಮ ಯಾರೂ ಇಲ್ಲದ ಕೋಣೆಯಲ್ಲಿ ಕುಳಿತು ಮಾತಾಡುತ್ತಾರೆ. "ಅದೀನವ್ವ, ಇಲ್ಲೇ ಅದೀನಿ." ಕಿವಿಗಿಟ್ಟ ಫೋನಿನಲ್ಲಿ ಬರೀ ಉಸಿರು, ಅದರ ಹಿಂದೆ ಎಲ್ಲೋ ಬೂಟುಗಳ ಸದ್ದು, ಒಂದು ಸೀಟಿ. ಆಮೇಲೆ ಉಗುರಿನಿಂದ ಟಕ್ ಟಕ್. ಆ ಕಡೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂದರ್ಥ. "ಆತು, ನೀ ಮಾತಾಡಬ್ಯಾಡ. ನಾ ಮಾತಾಡ್ತೀನಿ" ಎಂದವರೇ ಈ ಸಲದ ಭತ್ತದ ಸುದ್ದಿ ತೆಗೆಯುತ್ತಾರೆ.

ಗೋಡೆಯಾಚೆ ಚಹಾದಂಗಡಿಯ ಬುಡ್ಡೇಸಾಬ್ ಇದನ್ನೇ ಕೇಳಿಸಿಕೊಂಡು ಗಿರಾಕಿಗಳಿಗೆ ಒಪ್ಪಿಸುತ್ತಾನೆ: "ಅಮ್ಮ ಸತ್ತೋರ ಜೋಡಿ ಮಾತಾಡ್ತಾಳ್ರಿ. ಖರೇನ, ಒಮ್ಮೊಮ್ಮೆ ನಗತಾಳ!" ಗಾಳಿ ಬಡಿದವರನ್ನು ಜನ ಇಲ್ಲಿಗೆ ಕರೆತರತೊಡಗಿದ್ದು ಹೀಗೆ. ಕಲ್ಯಾಣಮ್ಮ ತಿದ್ದಲು ಹೋಗಿಲ್ಲ. ಈ ಹೊಸಿಲು ದಾಟಿದ ಹೆಣ್ಣುಮಗಳು ಯಾಕೆ ಬಂದಳೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆಯಲ್ಲ.

ಊರು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರರಲ್ಲಿ ಒಂದು. ಗಾಳಿ ಬಿಡಿಸುವ ಮನೆಗಳು ಮೂರೂ ಕಡೆ ಇವೆ, ಹುಡುಕುವವರು ಹುಡುಕಲಿ. ಇಲ್ಲಿನ ಜನರ ಹೆಸರುಗಳನ್ನೂ ಬದಲಿಸಿದೆ. ದವಾಖಾನೆಯಲ್ಲಿ ಆಯಾ ಆಗಿದ್ದ ಕಲ್ಯಾಣಮ್ಮ ಈಗ ಮಹಿಳಾ ಸಂಘವೊಂದರ ಪರವಾಗಿ, ಮಿಲಿಟರಿ ನೌಕರಿಯಲ್ಲಿ ಅತ್ಯಾಚಾರಕ್ಕೊಳಗಾದ ಹುಡುಗಿಯರ ಫೋನ್ ಎತ್ತುತ್ತಾರೆ. ಆ ಹುಡುಗಿಯರಿಗೆ ಬಿಡುವು ಸಿಗುವುದು ಬೆಳಗಿನ ಹಾಜರಿಗೆ ಮುಂಚೆಯೇ.

ಒಂದು ಮುಂಜಾನೆ ಕಾಲುವೆ ಕಡೆಯ ಆದಮ್ಮ, ಮಿಲಿಟರಿಯಿಂದ ರಜೆಗೆ ಬಂದ ಮಗಳು ಭಾರತಿಯನ್ನು ಕರೆತರುತ್ತಾರೆ. "ಮಲಗಾಗ್ಲೂ ಬೂಟು ಬಿಚ್ಚಂಗಿಲ್ರಿ. ಬಾಗಿಲ್ದಾಗ ಕುಂತು ಕತ್ತಲಿ ನೋಡ್ತಾಳ. ಯಾವುದೋ ಹೊಕ್ಕೈತ್ರಿ."

ಬಾಗಿಲ ಚೌಕಟ್ಟಿನ ಮೇಲೆ ಭಾರತಿಯ ಉಗುರು ಟಕ್ ಟಕ್ ಎನ್ನುತ್ತದೆ. ಫೋನಿನಲ್ಲಿ ಕೇಳುತ್ತಿದ್ದ ಅದೇ ಸದ್ದು ಎಂದು ಕಲ್ಯಾಣಮ್ಮನಿಗೆ ಗೊತ್ತಾಗುತ್ತದೆ. ಮುಖ ಮಾತ್ರ ಅಪರಿಚಿತರನ್ನು ಕಂಡಂತೆಯೇ ಇರುತ್ತದೆ.

"ತಾಯಿ ಇದ್ರ ಅದು ಬಾಯಿ ಬಿಡಂಗಿಲ್ರಿ. ಹೊರಗ ಕುಂದರ್ರಿ."

ಬಾಗಿಲು ಮುಚ್ಚಿದ ಮೇಲೆ ಹುಡುಗಿ ಬಾಯಿ ಬಿಡುತ್ತಾಳೆ. "ನನ್ನ ಮೈಮ್ಯಾಲೆ ಬಿದ್ದಾಂವನೇ ದಿನಾ ಹಾಜರಿ ತಗೋತಾನ್ರಿ. ನನ್ನ ಹೆಸರು ಕೂಗತಾನ. ನಾ 'ಹಾಜರ್' ಅನಬೇಕು. ನಾಡಿದ್ದು ತಿರುಗಿ ಅಲ್ಲಿಗೇ ಹೋಗಬೇಕು."

"ನನ್ಮುಂದ ಹೇಳಿದ್ದು ಹೊರಗ ಹೋಗಂಗಿಲ್ಲ" ಎನ್ನುತ್ತಾರೆ ಕಲ್ಯಾಣಮ್ಮ. "ಅಲ್ಲಿ ಹೆಣ್ಮಕ್ಕಳ ದೂರು ಕೇಳೋ ಕಮಿಟಿಗೆ ಬರೆದು ಕೊಟ್ರ ಹೆಸರು ಬಯಲು ಮಾಡಬಾರದು ಅಂತ ಕಾನೂನೈತಿ. ಆದ್ರ ಅವಂಗ ಗೊತ್ತಾಗ್ತೈತಿ. ದವಾಖಾನಿಗೆ ಹೋದ್ರ ಅವ್ರು ಪೊಲೀಸ್ರಿಗೆ ತಿಳಿಸಬೇಕಾಗ್ತೈತಿ. ಎಲ್ಲಾ ಮೊದ್ಲ ಹೇಳಾಕತ್ತೀನಿ. ಆರಿಸೋದು ನಿಂದು."

"ಏನೂ ದೂರು ಕೊಡಲಿಲ್ಲಂದ್ರ?"

"ಕೊಡಬ್ಯಾಡ. ಆಗ್ಲೂ ನಾ ಫೋನ್ ಎತ್ತತೀನಿ."

ಬಾಗಿಲು ತೆರೆದಾಗ ಆದಮ್ಮ ದಡಬಡಿಸಿ ಏಳುತ್ತಾರೆ. "ಹೋತೇನ್ರಿ ಅದು?"

ಕಲ್ಯಾಣಮ್ಮ ಭಾರತಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ.

"ಸತ್ತಿದ್ದಲ್ಲವ್ವ ಅದು" ಎನ್ನುತ್ತಾಳೆ ಭಾರತಿ. "ಬದುಕೇ ಐತಿ. ಕಮಿಟಿಗೆ ಅದರ ಹೆಸರು ಬರೆದು ಕೊಡ್ತೀನಿ."

ಆದಮ್ಮ ಏನೂ ತಿಳಿಯದೆ ಕಲ್ಯಾಣಮ್ಮನ ಮುಖ ನೋಡುತ್ತಾರೆ.

"ನನ್ನ ಯಾಕ ನೋಡ್ತೀರಿ?" ಎನ್ನುತ್ತಾರೆ ಕಲ್ಯಾಣಮ್ಮ. "ಆಕಿನ್ನ ನೋಡ್ರಿ."